ಕುಂಞಿಪಾತುಮ್ಮನ ಮಣೆ

ಡಾನ್ ಅಂದರೆ ಎತ್ತರದ ಕುರ್ಚಿ, ಬಾಯಲ್ಲಿ ಸಿಗಾರು, ಬೆನ್ನ ಹಿಂದೆ ನಾಲ್ಕು ದಾಂಡಿಗರು. ಜಿತೇಶನ ತಲೆಯಲ್ಲಿದ್ದದ್ದು ಇಷ್ಟೇ. ಅದನ್ನು ಕಿತ್ತುಹಾಕಿದವಳು ಸಮೀಹಾ. ಮಣಿಪಾಲದಲ್ಲಿ ಒಟ್ಟಿಗೆ ಓದಿದ ಇಬ್ಬರೂ ಒಂದು ಕ್ರೈಂ ಸಿನಿಮಾದ ಕತೆ ಹೆಣೆಯುತ್ತಿದ್ದಾಗ ಅವಳು ಕಾಪುವಿನ ತನ್ನ ಅಜ್ಜಿ ಕುಂಞಿಪಾತುಮ್ಮನ ಸುದ್ದಿ ತೆಗೆದಳು. ಅಜ್ಜಿ ಕೂರುತ್ತಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ, ಗೇಣೆತ್ತರದ ಮಣೆಯ ಮೇಲೆ. ದುಬೈಯಿಂದ ಬಂದ ಗಂಡುಮಕ್ಕಳೂ ಅವಳ ಮಾತು ಕೇಳಲು ಸೊಂಟ ಬಗ್ಗಿಸಬೇಕಿತ್ತು. ಅವಳು ಮಾತ್ರ ಯಾರಿಗೂ ಕತ್ತೆತ್ತಿದವಳಲ್ಲ.

"ನಮ್ಮ ಡಾನ್ ಕೂಡ ಹಾಗೇ ಕೂರಲಿ ಮಾರಾಯ. ಕ್ಯಾಮೆರಾ ಅವನ ಕಣ್ಣಿನ ಮಟ್ಟಕ್ಕೆ ಇಡುವ. ನಿಂತವರ ತಲೆ ಫ್ರೇಮಿನಿಂದ ಹೊರಗೆ ಹೋಗ್ತದೆ. ಮುಖ ತೋರಿಸಬೇಕಾದರೆ ಬಗ್ಗಲೇಬೇಕು" ಎಂದಳು.

ಜಿತೇಶ್ ಎದ್ದು ಚಪ್ಪಾಳೆ ತಟ್ಟಿದ. "ನಿರ್ದೇಶನ ಅಂತ ನಮ್ಮಿಬ್ಬರ ಹೆಸರೂ ಬರ್ತದೆ. ನಿನ್ನದೇ ಮೊದಲು" ಎಂದ. ಆ ಮಾತು ನಂಬಿ ಸಮೀಹಾ ಕೈಯಲ್ಲಿದ್ದ ಕೆಲಸ ಬಿಟ್ಟಳು.

ಉಚ್ಚಿಲದ ಹಳೆಯ ಐಸ್ ಪ್ಲಾಂಟಿನಲ್ಲಿ ಶೂಟಿಂಗ್ ಶುರುವಾಯಿತು. ಅಜ್ಜಿಯ ಮಣೆಯನ್ನೇ ಅವಳು ಮನೆಯಿಂದ ತಂದಿದ್ದಳು. ಮಾನಿಟರಿನ ಮುಂದೆ ಎರಡು ಕುರ್ಚಿ ಹಾಕಿ, ಒಂದರ ಮೇಲೆ ತನ್ನ ಚೀಲ ಇಟ್ಟು ಮಣೆ ಜೋಡಿಸಲು ಹೋದಳು. ತಿರುಗಿ ಬರುವಾಗ ಚೀಲ ನೆಲದಲ್ಲಿತ್ತು. ಒಂದು ಕುರ್ಚಿಯಲ್ಲಿ ದುಡ್ಡು ಹಾಕುವ ಧಣಿ, ಕಾರ್ಕಳದ ಕರುಣಾಕರ. ಇನ್ನೊಂದರಲ್ಲಿ ಜಿತೇಶ್.

"ಮಣೆ ಮೇಲೆ ಡಾನ್! ಎಂತ ತಲೆ ಮಾರಾಯ ನಿನ್ನದು!" ಎಂದ ಕರುಣಾಕರ.

"ನಮ್ಮ ಅಜ್ಜಿ ಹಾಗೆ ಕೂರ್ತಿದ್ರು ಸರ್" ಎಂದ ಜಿತೇಶ್.

ಧಣಿಯ ದೃಷ್ಟಿ ಸಮೀಹಾಳ ಕಡೆ ಹೋಯಿತು. "ಇವರು?"

"ಸಮೀಹಾ ಅಂತ. ಸೆಟ್ಟಿನ ಸಾಮಾನು ಎಲ್ಲ ಇವರೇ ನೋಡಿಕೊಳ್ಳುವುದು."

ಇವರಂತೆ! ಇಷ್ಟು ವರ್ಷ ನೀನು, ನಿನ್ನ ಎಂದವನ ಬಾಯಲ್ಲಿ ಎಂಥ ಮರ್ಯಾದೆ! ತನ್ನ ಹೆಸರು ಬಿಟ್ಟಿದ್ದರೆ ಹಲ್ಲು ಕಚ್ಚಿ ಸಹಿಸುತ್ತಿದ್ದಳೇನೋ. ಅಜ್ಜಿಯನ್ನೇ ಕದ್ದನಲ್ಲ ಈ ಪಾಪಿ.

ಅಂದಿನ ದೃಶ್ಯ, ಡಾನಿನ ಬಲಗೈ ಬಂಟ ವೈರಿಯ ಪಕ್ಕ ಕೂತು ತನ್ನ ಯಜಮಾನನಿಗೇ ಕೈಕೊಡುವುದು. ಬಂಟನ ಪಾತ್ರದ ಲಕ್ಷಿತನಿಗೆ ಹೇಗೆ ಕೂರಬೇಕೆಂದೇ ತಿಳಿಯಲಿಲ್ಲ. ಜಿತೇಶನಿಗೂ ತೋಚಲಿಲ್ಲ. ಅಭ್ಯಾಸಬಲದಿಂದ, "ಸಮೀಹಾ, ಸ್ವಲ್ಪ ಹೇಳು" ಎಂದುಬಿಟ್ಟ.

"ಲಕ್ಷಿತ್, ನಿರ್ದೇಶಕರನ್ನು ನೋಡು" ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ. "ಮೈ ಧಣಿಯ ಕಡೆಗೆ ವಾಲಿದೆ. ಕಾಲು ನನ್ನ ಚೀಲದ ಮೇಲೆ ಉಂಟು. ಮುಖದಲ್ಲಿ ನಗು ಉಂಟು, ಕಣ್ಣು ಮಾತ್ರ ನನ್ನ ಕಡೆ ಬರುವುದಿಲ್ಲ. ಅಷ್ಟೇ ಮಾಡು, ಸಾಕು."

ಲಕ್ಷಿತ್ ಹಾಗೇ ಮಾಡಿದ. ಮಾನಿಟರಿನಲ್ಲಿ ತನ್ನನ್ನೇ ಕಂಡ ಜಿತೇಶ್ ಕಟ್ ಹೇಳುವುದನ್ನು ಮರೆತ.

"ಅಬ್ಬ, ಪಕ್ಕಾ ಮೋಸಗಾರ!" ಎಂದು ಕರುಣಾಕರ ತೊಡೆ ತಟ್ಟಿದ.

ಸಮೀಹಾ ಡಾನ್ ವೇಷದ ಹಿರಿಯ ನಟನ ಬಳಿ ಹೋದಳು. "ತಾರಾನಾಥಣ್ಣ, ಸ್ವಲ್ಪ ಏಳಿ. ಇದು ನಮ್ಮ ಅಜ್ಜಿಯ ಮಣೆ."

"ಯಾರ ಅಜ್ಜಿ?" ಎಂದು ಕರುಣಾಕರ ಜಿತೇಶನನ್ನು ಕೇಳಿದ. ಅವನು ಬಗ್ಗಿ, ಕಾಲ ಕೆಳಗಿನ ಚೀಲ ಎತ್ತಿ ಸಮೀಹಾಳಿಗೆ ಕೊಟ್ಟ.

ಹೆದ್ದಾರಿಯ ಬದಿಯಲ್ಲಿ ಮಣೆ ಅಪ್ಪಿಕೊಂಡು ನಿಂತಾಗ ಅವಳಿಗೆ ಅಳು ಬಂತು. ಕಾಪುವಿನ ಬಸ್ಸು ಬಂತು, ಅವಳು ಹತ್ತಲಿಲ್ಲ. ಜಿತೇಶ್ ಹಿಂದಿನಿಂದ ಒಮ್ಮೆ ಕರೆದಾನು ಎಂದು, ನಾಚಿಕೆ ಬಿಟ್ಟು, ಇನ್ನೊಂದು ಬಸ್ಸು ಬರುವವರೆಗೂ ಕಾದಳು.