ಮೊದಲ ಎಸೆತಕ್ಕೊಂದು ಸಹಿ

ಷಿಕಾಗೊದಲ್ಲಿ ಬೆಳಗಿನ ಏಳು ಗಂಟೆ. ವಾಷಿಂಗ್ಟನ್ನಿನಲ್ಲಿ ಆಗಲೇ ಎಂಟು; ಇಂಥ ವಹಿವಾಟಿನ ಮೇಲೆ ಕಣ್ಣಿಡುವ ಫೆಡರಲ್ ಆಯೋಗದ ಕಚೇರಿ ತೆರೆಯಲು ಇನ್ನು ಹದಿನೈದೇ ನಿಮಿಷ. ಅಷ್ಟರೊಳಗೆ ಅರ್ಜಿ ತಲುಪಿದರೆ ನಾಳೆ, ಬೇಸ್‌ಬಾಲ್ ಹಂಗಾಮಿನ ಮೊದಲ ದಿನವೇ, ಹೊಸ ಬಾಜಿ ಚೀಟಿ ಮಾರಾಟಕ್ಕೆ ಬರುತ್ತದೆ. ವಾಂಡಾ ಕೂತಲ್ಲಿ ಕೂರಲಾರದೆ ಕಿಟಕಿಗೂ ಮೇಜಿಗೂ ಎಡತಾಕುತ್ತಿದ್ದಳು.

ಚೀಟಿ ಇಷ್ಟೇ: ಪಂದ್ಯದ ಮೊಟ್ಟಮೊದಲ ಎಸೆತ ಸರಿಯಾಗಿ ಬೀಳುತ್ತದೋ, ಹೊರಗೆ ಹೋಗುತ್ತದೋ? ಆಯೋಗ ಮುಂಚಿತವಾಗಿ ಕೂತು ಪರೀಕ್ಷಿಸುವುದಿಲ್ಲ. ‘ಇದರಲ್ಲಿ ಸುಲಭವಾಗಿ ಕೈವಾಡ ನಡೆಸಲಾಗದು’ ಎಂದು ಚೀಟಿ ಮಾರುವ ಕಂಪನಿಯೇ ಬರೆದುಕೊಟ್ಟರೆ ಸಾಕು. ಈ ಕಂಪನಿಯಲ್ಲಿ ಕಾಯಿದೆಯ ಕೆಲಸ ನೋಡುವವಳು ವಾಂಡಾ. ಆ ಕಾಗದದ ಕೆಳಗೆ ಬರಬೇಕಾದ ಹೆಸರೂ ಅವಳದ್ದೇ.

"ಒಂದು ಸಹಿ ಹಾಕು ತಾಯಿ," ಅಂದ ಮಾಲೀಕ ಡೆಸ್ಮಂಡ್. "ಬಟನ್ ಒತ್ತೋಕೂ ಮುಹೂರ್ತ ನೋಡ್ತಿದೀಯಾ?"

"ಒಂದೇ ಫೋನು, ತಡೀರಿ."

ಅವಳ ತಮ್ಮ ಕ್ಯಾಸಿಮಿರ್ ಅಯೋವಾದ ಒಂದು ಸಣ್ಣ ತಂಡದಲ್ಲಿ ಚೆಂಡೆಸೆಯುವವನು. ವಾಂಡಾ ಸ್ಪೀಕರ್ ಹಾಕಿದಳು.

"ಮೊದಲನೇ ಚೆಂಡು ಬೇಕಂತಲೇ ಹೊರಗೆ ಹಾಕೋಕಾಗುತ್ತೇನೋ?"

"ಇದೇನಕ್ಕಾ, ಬೆಳಬೆಳಗ್ಗೆ! ಕಣ್ಮುಚ್ಕೊಂಡು ಹಾಕ್ತೀನಿ. ಕೈ ಜಾರ್ತು ಅಂದ್ರೆ ಮುಗೀತು, ಯಾರ್ ಕೇಳ್ತಾರೆ?" ಆಮೇಲೆ ಅವನ ದನಿ ತಗ್ಗಿತು. "ಯಾಕೆ, ಅವನು ನಿನ್ ಹತ್ರಾನೂ ಬಂದಿದ್ನಾ?"

"ಯಾರೋ?"

"ಮೊನ್ನೆ ಒಬ್ಬ ಹೋಟ್ಲಲ್ಲಿ ಹಿಂದೆ ಬಿದ್ದಿದ್ದ. ದುಡ್ಡು ಕೊಡ್ತೀನಿ ಅಂತ ಹೀಗೇ ಏನೋ ಕೇಳ್ದ. ಉಗಿದು ಓಡಿಸ್ದೆ ಬಿಡು."

ಫೋನಿಟ್ಟದ್ದೇ ಡೆಸ್ಮಂಡ್ ಮುಖ ಅರಳಿತು. "ನೋಡು, ಓಡಿಸಿದಾನೆ! ಬಂಗಾರದಂಥ ಹುಡುಗ. ಇನ್ನೇನು?"

"ನನ್ ತಮ್ಮ ಓಡಿಸ್ದ. ದೇಶದಲ್ಲಿ ಚೆಂಡೆಸೆಯೋರೆಲ್ಲಾ ಓಡಿಸ್ತಾರೆ ಅಂತ ನಾನು ಬರ್ಕೊಡ್ಲಾ?"

"ಸರಿಯಾಚೆ. ನಾನೇ ಹಾಕ್ತೀನಿ."

"ಹಾಕಿ. ಯಾರು ಬೇಡ ಅಂದ್ರು?"

ಡೆಸ್ಮಂಡ್ ದೊಪ್ಪನೆ ಕೂತ. ಅವಳ ಹೆಸರು ಅಳಿಸಿ ತನ್ನದನ್ನು ಬಡಿದ. ಇಷ್ಟು ವರ್ಷದಲ್ಲಿ ಇಂಥ ಅರ್ಜಿಯನ್ನು ಅವನು ಒಮ್ಮೆಯೂ ಪೂರ್ತಿ ಓದಿದವನಲ್ಲ. ಈಗ ಓದಿದ. ತುಟಿ ಅಲುಗಾಡುತ್ತಿತ್ತು.

"ವಾಂಡಾ, ನಾಳೆ ಏನಾದ್ರೂ ಎಡವಟ್ಟಾದ್ರೆ ಯಾರ ತಲೆಗೆ ಬರುತ್ತೆ ಇದು?"

"ಕೆಳಗೆ ಹೆಸರು ಯಾರದ್ದಿದೆಯೋ ಅವರ ತಲೆಗೆ."

ಏಳು ಹದಿಮೂರು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೌಸಿನ ಮೇಲೆ ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ. ವಾಂಡಾ ಗಡಿಯಾರ ನೋಡುತ್ತ ನಿಂತಳು. ಹದಿನಾಲ್ಕು. ಹದಿನೈದು.

ಹದಿನಾರಾದಾಗ ಅವನು ಕುರ್ಚಿ ಹಿಂದಕ್ಕೆ ತಳ್ಳಿದ.

"ಥತ್! ನಿನ್ ಮಾತಲ್ಲಿ ಹೊತ್ತೇ ಹೋಯ್ತು ನೋಡು," ಅಂದ.