ಭಾಗ್ಯಾ ಹೊಕ್ಕ ಮನೆ

ಮನೆಯೊಳಗೆ ಅರಳು ಹುರಿದಂತೆ ಮಾತಾಡುವ ಭಾಗ್ಯಾ ಹೊರಗೆ ಕಾಲಿಟ್ಟರೆ ಮೂಕಿ. ಶಾಲೆಯಲ್ಲಿ ಬಾಯಿ ಬಿಡುವುದಿಲ್ಲವೆಂದು ಮಾಸ್ತರರು ಹೇಳಿಕಳಿಸಿದಾಗ ಅವಳ ಅಪ್ಪ ಹುಲಿಗೇಶ ಕಂಗಾಲಾದ. ಕುಂದಗೋಳದಲ್ಲಿ ಕೆಲಸ ಮಾಡುತ್ತ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು, ಏನೇ ಆದರೂ ಓದಿ ಪರಿಹಾರ ಹುಡುಕುವ ಸ್ವಭಾವದವನು. ಪಾಲಕರಿಗಾಗಿ ಬರೆದ ಲೇಖನವೊಂದು ಸಿಕ್ಕಿತು. ಹಳೆಯ ಕಾಲದ ಕೆಲವು ವಿಡಿಯೋ ಗೇಮುಗಳಲ್ಲಿ ಮಗು ತಾನೇ ಒಂದು ಪಾತ್ರವಾಗಿ ಊರೂರು ತಿರುಗಿ, ಕಂಡವರನ್ನೆಲ್ಲ ಮಾತಾಡಿಸುತ್ತ, ಅವರು ಹೇಳಿದ ಕೆಲಸ ಮಾಡಿಕೊಡುತ್ತ ಮುಂದೆ ಹೋಗಬೇಕು; ಅದರಿಂದ ಧೈರ್ಯ ಬರುತ್ತದೆ ಎಂದಿತ್ತು. ಅಂಥದೊಂದನ್ನು ಮೊಬೈಲಿಗೆ ಹಾಕಿಕೊಟ್ಟ. ಕೊಟ್ಟ ಮೇಲೆ, ಕಣ್ಣು ಕೆಟ್ಟೀತೇನೋ ಎಂದು ಹೆದರಿದ.

ಮಗಳು ಮಾತ್ರ ಬಸ್ ಕಂಡಕ್ಟರನನ್ನೂ ಮಾತಾಡಿಸತೊಡಗಿದಳು.

"ಗೇಮಿನ್ಯಾಗ ಎಲ್ಲಾರ ಬಾಗಲಾ ತೆರದಿರ್ತಾವಪ್ಪಾ. ಒಳಗ ಹೋಗಿ ಕೇಳಿದ್ರ ಹಾದಿ ಹೇಳ್ತಾರ."

"ಕೇಳು ಮತ್ತ," ಎಂದು ಹುಲಿಗೇಶ ನಕ್ಕಿದ್ದ.

ಒಂದು ರವಿವಾರ ಅವನ ಅವ್ವ ಸಾವಂತ್ರೆವ್ವ ಏದುಸಿರು ಬಿಡುತ್ತ ಬಂದಳು. "ನಿನ್ನ ಮಗಳು ಈರಬಸಪ್ಪಗೋಳ ಮನಿ ಹೊಕ್ಕಾಳೋ. ಪಡಸಾಲಿ ಅಲ್ಲ, ಅಡಗಿಮನಿ."

ಹುಲಿಗೇಶ ಗಡಬಡಿಸಿ ಎದ್ದ. ಅವನ ಅಪ್ಪ ಕನಕಪ್ಪ ಜೀವಮಾನವಿಡೀ ಆ ಮನೆಯ ಹೊಲದಲ್ಲಿ ದುಡಿದ. ಕಟ್ಟೆಯ ಕೆಳಗೇ ನಿಂತು ಚಹಾ ಕುಡಿದ. ಅವನ ಓಣಿಯವರು ಯಾರೂ ಆ ಹೊಸ್ತಿಲು ದಾಟಿರಲಿಲ್ಲ. ಬಿ.ಎ. ಆದ ಮೇಲೂ ಹುಲಿಗೇಶ ದಾಟಿರಲಿಲ್ಲ.

ಓಡಿದ. ಬಾಗಿಲಿನಿಂದಲೇ ಕಂಡಿತು: ಈರಬಸಪ್ಪನ ತಾಯಿ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಒಲೆಯ ಬಾಜು ಭಾಗ್ಯಾ ಕೂತಿದ್ದಾಳೆ.

"ನಿಮ್ದು ಏನರ ಕೆಲಸ ಐತೇನ್ರಿ ಅಮ್ಮಾ? ನಾ ಮಾಡಿಕೊಡ್ತೀನಿ."

"ಈ ಬಳ್ಳೊಳ್ಳಿ ಸುಲಿ. ಬಾಯಿ ಮಾತ್ರ ನಿಂದರಸಬ್ಯಾಡ. ಕನಕಪ್ಪನ ಮಮ್ಮಗಳು ಹೌದಿಲ್ಲೋ, ಅವಂದೂ ಹಿಂಗಽ ವಟವಟ."

ಮುದುಕಿಗೆ ಗೊತ್ತಿತ್ತು. ಯಾರ ಮಗು ಎಂದು ಗೊತ್ತಿದ್ದೇ ಕೂರಿಸಿಕೊಂಡಿದ್ದಳು. ಅದು ತಲೆಗೆ ಇಳಿಯುವ ಮೊದಲೇ ಹುಲಿಗೇಶನ ಬಾಯಿ ಕೂಗಿಬಿಟ್ಟಿತ್ತು.

"ಭಾಗ್ಯಾ, ಹೊರಗ ಬಾ. ತಪ್ಪಾತ್ರಿ ಯವ್ವಾ, ಸಣ್ಣ ಹುಡುಗಿ, ತಿಳೀಲಿಲ್ಲ."

ರೊಟ್ಟಿ ಬಡಿಯುವ ಕೈ ನಿಂತಿತು. "ಏನ್ ತಪ್ಪಾತೋ?"

ಅವನು ಹೊಸ್ತಿಲಾಚೆಯೇ ನಿಂತು ಮಗಳತ್ತ ಕೈಚಾಚಿದ. ಶಿವಗಂಗವ್ವ ಅವನನ್ನು ನೋಡಿದಳು, ಹೊಸ್ತಿಲನ್ನು ನೋಡಿದಳು. ಒಳಗೆ ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ದಾರಿಯಲ್ಲಿ ಭಾಗ್ಯಾ ಕೇಳಿದಳು, "ನಾ ಏನ್ ಮಾಡೀನಪ್ಪಾ?"

"ಕೇಳದಽ ಯಾರ ಮನ್ಯಾಗೂ ಹೋಗಬಾರದು."

"ಕೇಳೇ ಹೋಗೀನಿ. ಬಾ ಅಂದ್ರು."

ಹುಲಿಗೇಶ ತಿರುಗಿ ನೋಡಿದ. ಆ ಮನೆಯವರು ಬಾ ಎಂದಿದ್ದರು. ಹೊರಗೆ ಎಳೆದದ್ದು ಅವನು.

ಅವರ ಓಣಿಯ ತಿರುವಿನಲ್ಲಿ ನಸೀಮಾಬಿಯ ಮನೆ. ಭಾಗ್ಯಾ ಹುಟ್ಟಿದಾಗಿನಿಂದ ಆಡಿಕೊಂಡ ಅಂಗಳ ಅದು. "ಬಾರಬೇ, ಚುರಮರಿ ಕಲಸೀನಿ," ಎಂದು ನಸೀಮಾಬಿ ಒಳಗಿನಿಂದ ಕೂಗಿದಳು.

ಭಾಗ್ಯಾ ಮೆಟ್ಟಿಲ ಕೆಳಗೇ ನಿಂತಳು. ಅಪ್ಪನ ಮುಖ ನೋಡಿದಳು. ಮಾತಾಡಲಿಲ್ಲ, ಬರೀ ಒಲ್ಲೆನೆಂಬಂತೆ ತಲೆ ಅಲ್ಲಾಡಿಸಿದಳು.

ನಸೀಮಾಬಿ ಬಾಗಿಲಿಗೆ ಬಂದಳು. "ಏನ್ ಮಾಡಿದ್ಯೋ ಹುಲಿಗೇಶಾ ಈ ಹುಡುಗಿಗೆ?"