ನಾಲ್ಕನೇ ಕಂತಿನ ಮಗು

ಎಪ್ಪತ್ತೆಂಟರ ಬೇಸಿಗೆಯಲ್ಲಿ ನಮ್ಮ ಸಿನಿಮಾ ಟೆಂಟು ತಿ. ನರಸೀಪುರದಲ್ಲಿತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಅಲ್ಲಿ ಆಪರೇಟರ್. ಒಂದು ಮಧ್ಯಾಹ್ನ ನಂಜನಗೂಡಿನ ಬಸ್ಸಿಳಿದು ರುದ್ರಾಣಿ ಅನ್ನೋ ಮುದುಕಿ ಬಂದಳು.

"ಮೂಕಿ ಸಿನಿಮಾದಲ್ಲಿ ನಾನು ಈರೋಯಿನ್ನು ಕಣಪ್ಪ."

"ಮೂಕಿ ಹೀರೋಯಿನ್ನು ಅಂದ್ರೆ ಕುದುರೆ ಸವಾರಿ ಇರ್ಬೇಕಲ್ಲ, ಕುದುರೆ ಎಲ್ಲಿ ಕಟ್ಟಿದ್ದೀರಜ್ಜಿ?" ಅಂತ ನಕ್ಕೆ.

"ಅದು ಸತ್ತೋಯ್ತು. ನಾನು ಉಳ್ಕಂಡೆ."

ಹನ್ನೆರಡು ಕಂತಿನ ಚಿತ್ರವಂತೆ, ವಾರಕ್ಕೊಂದು ಕಂತು. ಕಥೆ ಅವಳದೇ: ಗಂಡನ ಏಟು ತಾಳಲಾರದೆ ಮಗು ಎತ್ತಿಕೊಂಡು ಕಪಿಲೆ ದಾಟಿ ನಾಟಕ ಕಂಪನಿ ಸೇರಿದ್ದು. ನಾಲ್ಕನೇ ಕಂತಲ್ಲಿ ಹೊಳೆ ದಾಟುವಾಗ ಅವಳ ಕಂಕುಳಲ್ಲಿದ್ದದ್ದು ಸ್ವಂತ ಮಗಳು ಚಂಪಕ. ತಿಂಗಳೊಳಗೆ ಮಗು ಸಿಡುಬಿಗೆ ಹೋಯಿತು. ಒಂದು ಫೋಟೋನೂ ಇಲ್ಲ.

"ಮೊಕ ಮರ್ತೇ ಓಯ್ತು ಕಣಪ್ಪ. ಒಂದ್ಸಲ ತೋರ್ಸು. ಮಿಕ್ಕ ಕಂತೆಲ್ಲ ಬೆಂಕೀಲಿ ಓದ್ವು. ನಾಕನೇದು ನಿಮ್ಮ ಮಾಲೀಕರ ಅಪ್ಪನ ತಾವಿತ್ತು. ಡಬ್ಬದ ಮೇಲೆ ಕೆಂಪು ಕುದುರೆ ಬರ್ದದೆ."



ಆ ಡಬ್ಬ ನನಗೆ ಗೊತ್ತು. ರೀಲು ಮಿಷನ್ನಿಗೇರಿಸಲು ಅದರ ತಲೆಗೆ ಒಂದಷ್ಟು ಖಾಲಿ ಫಿಲಂ ಅಂಟಿಸಬೇಕು. ಹೊಸದು ತರಿಸುವ ಬದಲು ಹಳೇ ರೀಲನ್ನು ಬಿಸಿ ಸೋಡಾ ನೀರಲ್ಲಿ ನೆನೆಸಿ, ಉಜ್ಜಿ, ಚಿತ್ರ ಕಳೆಯುವುದು ನಮ್ಮ ರೂಢಿ. ಯುಗಾದಿಗೆ ಮುಂಚೆ ಮಾಲೀಕ ಬದರೀನಾರಾಯಣ ಆ ಡಬ್ಬ ಎಸೆದು, "ಮೂಕಿ ಕಸ, ತೊಳಿಯೋ" ಅಂದಿದ್ದ. ಸೀಟಿ ಹೊಡೆಯುತ್ತಾ ಉಜ್ಜಿದ್ದೆ. ಬೆಳಕಿಗೆ ಹಿಡಿದು ಕೂಡ ನೋಡಿರಲಿಲ್ಲ.

ಮಾಲೀಕನ ಹತ್ತಿರ ಓಡಿದೆ. ಎಲೆಗೆ ಸುಣ್ಣ ಸವರುತ್ತಾ ಅವನಂದ: "ತೊಳೆದೋನು ನೀನು ತಾನೇ? ನೀನೇ ಹೇಳ್ಕೋ ಹೋಗು."

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ತೊಳೆದ ಕೈ ನನ್ನದೇ.

ಹೇಳಿದೆ. ಅಜ್ಜಿ ಅಳಲಿಲ್ಲ. ಬೈದಿದ್ದರೂ ಆಗುತ್ತಿತ್ತು, ಬೈಯಲೂ ಇಲ್ಲ.

"ತೊಳ್ದಿದ್ದು ಎಲ್ಲದಪ್ಪ?"

"ದಿನಾ ಓಡ್ತದಜ್ಜಿ. ಪ್ರತಿ ರೀಲಿನ ಮುಂದೆ."

ರಾತ್ರಿ ಕೊನೇ ಆಟಕ್ಕೆ ನೆಲದಲ್ಲಿ, ಎಲ್ಲರಿಗಿಂತ ಮುಂದೆ ಕೂತಳು. ಯಾವಾಗಲೂ ಆ ಖಾಲಿ ಫಿಲಂ ಓಡುವಾಗ ಲೆನ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಅವತ್ತು ಹಿಡಿಯಲಿಲ್ಲ. ಪರದೆ ಬೆಳ್ಳಗೆ ಉರಿಯಿತು.

"ಲೇ ಆಪರೇಟ್ರು, ಮನಿಕ್ಕಂಡಿದ್ದೀಯೇನ್ಲಾ?" ಜನ ಶಿಳ್ಳೆ ಹಾಕಿದರು.

ಒಂದೊಂದು ರೀಲಿಗೂ ಬಿಳಿ ಬಂದಾಗ ಅಜ್ಜಿ ತಲೆ ಎತ್ತುತ್ತಿದ್ದಳು. ಚಿತ್ರ ಬಿದ್ದ ಕೂಡಲೇ ತಗ್ಗಿಸುತ್ತಿದ್ದಳು. ಹದಿನಾಲ್ಕು ಸಲ ಹಾಗೆ ನೋಡಿದಳು. ಆಟ ಮುಗಿದು ಜನವೆಲ್ಲ ಎದ್ದು ಹೋದರೂ ಪರದೆ ಕಡೆಗೇ ಮುಖ ಮಾಡಿ ಕೂತಿದ್ದಳು.

ಏರಿಸಲು ನನ್ನ ಹತ್ತಿರ ಇನ್ನೊಂದು ರೀಲಿರಲಿಲ್ಲ.